ಸಂಜೆಯ ಮೂರು ಗಂಟೆಗಳು
ಹದಿಹರೆಯದವರಿಗಾಗಿ ಅಭ್ಯಾಸ ಕೇಂದ್ರವೊಂದನ್ನು ನಡೆಸುವ ಬಗೆ

ಬಾಲ್ಯಕ್ಕೂ ಯೌವನಕ್ಕೂ ನಡುವಣ ಅವಸ್ಥೆಯನ್ನು ಹಿರಿಯರು ಹದಿಹರೆಯವೆಂದು ಕರೆದರು. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು 10ರಿಂದ 19ನೆಯ ವಯಸ್ಸಿನವರೆಗಿನ ಅವಧಿಯೆಂದು ಗೊತ್ತುಪಡಿಸಿದೆ. ಶರೀರದ ಎತ್ತರ, ತೂಕ, ಸ್ವರ, ಹಸಿವು, ನಿದ್ರೆ, ಸಿಟ್ಟು, ನಾಚಿಕೆ ಎಲ್ಲವೂ ಒಮ್ಮೆಲೆ ಬದಲಾಗುವ ಈ ಕಾಲದಲ್ಲಿಯೇ ಶಾಲಾಂತ ಪರೀಕ್ಷೆಯೂ ಬಂದು ನಿಲ್ಲುತ್ತದೆ. ಮಗುವೆಂದು ಮುದ್ದಿಸುವಂತಿಲ್ಲ, ದೊಡ್ಡವನೆಂದು ಬಿಟ್ಟುಬಿಡುವಂತೆಯೂ ಇಲ್ಲ ಎಂಬ ಈ ಪ್ರಾಯದ ಹುಡುಗ ಹುಡುಗಿಯರು ಮಹಾನಗರದ ಅಂಚಿನ ಊರುಗಳಲ್ಲಿ ಸಂಜೆಯ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದು ಶಿಕ್ಷಣದ ಪ್ರಶ್ನೆಯಾಗಿರುವಷ್ಟೇ ಆರೋಗ್ಯದ ಪ್ರಶ್ನೆಯೂ ಆಗಿದೆ.

ಡೊಂಬಿವಲಿಯ ಒಂದು ಸಾಧಾರಣ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಬೆಳಗಿನ ಏಳು ಗಂಟೆಯ ಲೋಕಲು ಹಿಡಿದು ಫೋರ್ಟಿನತ್ತ ಹೊರಡುತ್ತಾನೆ. ತಾಯಿಯೂ ದುಡಿಯುವವಳಾದರೆ ಎಂಟರ ಗಾಡಿ ಅವಳದು. ವೇಗದ ಲೋಕಲಿನಲ್ಲಿಯೂ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ನಿಲ್ದಾಣದ ಸಾಲು, ರಿಕ್ಷಾದ ಸಾಲು ಬೇರೆ. ಇಬ್ಬರೂ ಮನೆ ಸೇರುವಾಗ ರಾತ್ರಿ ಎಂಟೂವರೆ. ಮಗನ ಶಾಲೆ ಬೆಳಗಿನ ಪಾಳಿಯದಾದರೆ ಅದು ಮಧ್ಯಾಹ್ನವೇ ಬಿಟ್ಟಿರುತ್ತದೆ. ಮುಚ್ಚಿದ ಬಾಗಿಲು, ತಣ್ಣಗಾದ ಅನ್ನ, ಕೈಯಲ್ಲೊಂದು ಮೊಬೈಲು: ಹೀಗೆ ಅವನ ಅರ್ಧ ದಿನ ಹೋಗುತ್ತದೆ. ಇದು ಪಗಾರದ ನೌಕರಿಯುಳ್ಳವರ ಮನೆಯ ಮಾತು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ನವಿ ಮುಂಬಯಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ, ಬೆಳಿಗ್ಗೆ ನಾಕಾದಲ್ಲಿ ನಿಂತು ಆ ದಿನದ ಕೂಲಿಗಾಗಿ ಕಾಯುವ ಕನ್ನಡಿಗರ ಮಕ್ಕಳಿಗಾದರೋ ಮುಚ್ಚುವುದಕ್ಕೆ ಸರಿಯಾದ ಬಾಗಿಲೂ ಇರುವುದಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ, ಒಂದು ದೀಪ, ಪಕ್ಕದ ಮನೆಯ ಟಿ.ವಿ.ಯ ಗದ್ದಲ. ಅಂಥ ಮನೆಯ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಬೀಜಗಣಿತದಲ್ಲಿ ಹಿಂದೆ ಬಿದ್ದರೆ ಅದು ಅವಳ ಬುದ್ಧಿಯ ದೋಷವಲ್ಲ.

ರಾತ್ರಿ ಶಾಲೆಯ ಪರಂಪರೆ

ಮುಂಬಯಿ ಕನ್ನಡಿಗರಿಗೆ ಈ ಕಾರ್ಯ ಹೊಸತೇನೂ ಅಲ್ಲ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ರಾತ್ರಿ ಶಾಲೆಯನ್ನು ತೆರೆಯಿತು. ಮುಂದೆ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯೇ ಮೊದಲಾಗಿ ಹಲವು ಕನ್ನಡ ರಾತ್ರಿ ಶಾಲೆಗಳು ಕೋಟೆ ವಿಭಾಗದಲ್ಲಿಯೂ ಸುತ್ತಮುತ್ತಲೂ ತಲೆಯೆತ್ತಿದವು. ತುಳುನಾಡಿನಿಂದ ಹತ್ತು ಹನ್ನೆರಡರ ಪ್ರಾಯದಲ್ಲಿ ಹಡಗು ಅಥವಾ ಬಸ್ಸು ಹತ್ತಿ ಬಂದ ಹುಡುಗರು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಸ್ಲೇಟು ಹಿಡಿದು ಕುಳಿತರು. ಅವರಲ್ಲಿ ಹೋಟೆಲಿನ ಧಣಿಗಳಾದವರುಂಟು, ವಕೀಲರಾದವರುಂಟು, ಬ್ಯಾಂಕಿನ ಮ್ಯಾನೇಜರರಾದವರುಂಟು. ಮುಂಬಯಿ ಕನ್ನಡಿಗರ ಏಳಿಗೆಯ ಜಮಾಖರ್ಚನ್ನು ಯಾರಾದರೂ ಬರೆದರೆ ಅದರ ಜಮೆಯ ಬದಿಯ ಮೊದಲ ನಮೂದು ರಾತ್ರಿ ಶಾಲೆಯದಾಗಬೇಕು.

ಆ ಶಾಲೆಗಳಲ್ಲಿ ಬಹುತೇಕ ಇಂದು ಮುಚ್ಚಿವೆ, ಇಲ್ಲವೆ ಕ್ಷೀಣಿಸಿವೆ. ಇದಕ್ಕೆ ಬರಿದೇ ಶೋಕಿಸುವುದು ಸಲ್ಲದು. 10 ಅಕ್ಟೋಬರ್ 2006ರಿಂದ ಹದಿನಾಲ್ಕು ವರ್ಷಕ್ಕಿಂತ ಕಿರಿಯರನ್ನು ಹೋಟೆಲು, ಮನೆಗೆಲಸಗಳಲ್ಲಿ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. 2016ರ ತಿದ್ದುಪಡಿಯು ಆ ನಿಷೇಧವನ್ನು ಬಹುಮಟ್ಟಿಗೆ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಲೋಟ ತೊಳೆಯುವ ಬಾಲಕ ಇಲ್ಲವಾದುದು ಒಳ್ಳೆಯದೇ. ಆದರೆ ಅಂದು ಹಗಲು ದುಡಿದು ರಾತ್ರಿ ಕಲಿಯುವವನಿಗೆ ಶಾಲೆ ಬೇಕಾಗಿತ್ತು. ಇಂದು ಹಗಲು ಶಾಲೆಗೆ ಹೋಗಿ ಸಂಜೆ ಒಂಟಿಯಾಗುವವನಿಗೆ ಬೇರೊಂದು ಬಗೆಯ ಆಸರೆ ಬೇಕಾಗಿದೆ. ಕಡ್ಡಾಯ ಶಿಕ್ಷಣದ 2009ರ ಕಾಯಿದೆ 6ರಿಂದ 14ನೆಯ ವಯಸ್ಸಿನವರನ್ನು ಮಾತ್ರ ಒಳಗೊಳ್ಳುತ್ತದೆ. ಅಂದರೆ ಪಾಠ ಕಠಿಣವಾಗುವ, ಮನೆಯಲ್ಲಿ ‘ಇನ್ನು ಸಾಕು, ದುಡಿ’ ಎಂಬ ಮಾತು ಮೊದಲಾಗುವ ಒಂಬತ್ತು ಹತ್ತನೆಯ ತರಗತಿಗಳಲ್ಲಿಯೇ ಕಾನೂನು ಕೈಬಿಡುತ್ತದೆ. ಅಲ್ಲಿ ಕೈಹಿಡಿಯುವುದೇ ಅಭ್ಯಾಸ ಕೇಂದ್ರದ ಕೆಲಸ. ಮರಾಠಿಯಲ್ಲಿ ಇದಕ್ಕೆ ‘ಅಭ್ಯಾಸಿಕಾ’ ಎಂಬ ಹೆಸರಿದೆ.

ಥಾಣೆಯಲ್ಲಿ ನಡೆದಿರುವ ಪ್ರಯೋಗಗಳು

ಹೊಸದಾಗಿ ಕೇಂದ್ರ ತೆರೆಯಬಯಸುವ ಸಂಘವು ದೂರ ಹೋಗಬೇಕಾಗಿಲ್ಲ. ಥಾಣೆ ನಗರವೇ ಈ ವಿಷಯದಲ್ಲೊಂದು ಪಾಠಶಾಲೆ. ಅಲ್ಲಿಯ ತೀನ್ ಹಾತ್ ನಾಕಾದ ಮೇಲ್ಸೇತುವೆಯ ಕೆಳಗೆ, ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳಲ್ಲಿ, 2016ರ ಜೂನ್ ತಿಂಗಳಲ್ಲಿ ಸಮರ್ಥ ಭಾರತ ವ್ಯಾಸಪೀಠವೆಂಬ ಸಂಸ್ಥೆಯು ಮಹಾನಗರಪಾಲಿಕೆಯ ಸಹಯೋಗದೊಡನೆ ‘ಸಿಗ್ನಲ್ ಶಾಲೆ’ಯನ್ನು ತೆರೆಯಿತು. ಮರಾಠವಾಡದ ಬರದಿಂದ ಓಡಿಬಂದು ಸಿಗ್ನಲಿನಲ್ಲಿ ಹೂವು, ಆಟಿಕೆ ಮಾರುವ ಕುಟುಂಬಗಳ ಮಕ್ಕಳು ಅಲ್ಲಿಯ ವಿದ್ಯಾರ್ಥಿಗಳು. ಬಂದೊಡನೆ ಸ್ನಾನ, ಸಮವಸ್ತ್ರ, ತಿಂಡಿ, ಪಾಠ ಆಮೇಲೆ. 2018ರಲ್ಲಿ ಆ ಶಾಲೆಯ ಇಬ್ಬರು ಎಸ್.ಎಸ್.ಸಿ. ತೇರ್ಗಡೆಯಾದರು. ಶಾಲೆಗೆ ಮಕ್ಕಳು ಬರುವುದಿಲ್ಲವೆಂದರೆ ಮಕ್ಕಳಿರುವಲ್ಲಿಗೆ ಶಾಲೆ ಹೋಗಬೇಕೆಂಬ ಸರಳ ತತ್ತ್ವ ಇಲ್ಲಿಯದು.

ಸಮತಾ ವಿಚಾರ ಪ್ರಸಾರಕ ಸಂಸ್ಥೆಯ ‘ಏಕಲವ್ಯ’ ಯೋಜನೆಯ ದೃಷ್ಟಿ ಬೇರೆ. 1990ರ ದಶಕದಿಂದ ಈ ಸಂಸ್ಥೆಯು ಥಾಣೆಯ ಬಡಾವಣೆಗಳಲ್ಲಿ ಪ್ರತಿಕೂಲ ಪರಿಸ್ಥಿತಿಯ ನಡುವೆ ಶಾಲಾಂತ ಪರೀಕ್ಷೆ ದಾಟಿದವರನ್ನು ಗೌರವಿಸುತ್ತ ಬಂದಿದೆ. ಶೇಕಡಾ 95 ಪಡೆದವರಿಗೆ ಶಾಲು ಹೊದಿಸುವ ಸಮಾರಂಭಗಳು ಎಲ್ಲ ಸಂಘಗಳಲ್ಲೂ ಉಂಟು. ಮನೆಗೆಲಸ ಮಾಡಿಕೊಂಡು ಶೇಕಡಾ 50 ಪಡೆದ ಹುಡುಗಿಯನ್ನು ವೇದಿಕೆಗೆ ಕರೆಯುವ ಸಂಘ ಅಪರೂಪ. ಇದೇ ಸಂಸ್ಥೆಯ ಮಕ್ಕಳಿಗಾಗಿ ಮರಾಠಿ ನಾಟಕಕಾರ ರತ್ನಾಕರ ಮತ್ಕರಿಯವರು 2014ರಲ್ಲಿ ವಂಚಿತರ ರಂಗಭೂಮಿಯನ್ನು ಆರಂಭಿಸಿದರು. 2020ರಲ್ಲಿ ಅವರು ನಿಧನರಾಗುವವರೆಗೂ ಬಡಾವಣೆಯ ಮಕ್ಕಳು ತಮ್ಮ ಬದುಕನ್ನು ತಾವೇ ನಾಟಕ ಕಟ್ಟಿ ಆಡುವುದಕ್ಕೆ ಅವರ ಮಾರ್ಗದರ್ಶನವಿತ್ತು. ಥಾಣೆಯಲ್ಲಿಯೇ 2008ರಲ್ಲಿ ಹುಟ್ಟಿದ ವಿದ್ಯಾದಾನ ಸಹಾಯ್ಯಕ ಮಂಡಳವು ಗ್ರಾಮೀಣ ಬಡ ವಿದ್ಯಾರ್ಥಿಗಳಿಗೆ ಧನಸಹಾಯವನ್ನಷ್ಟೇ ಕೊಡದೆ, ಒಬ್ಬೊಬ್ಬರಿಗೂ ಪಾಲಕನಂತೆ ನಿಂತು ವಿಚಾರಿಸುವ ಕಾರ್ಯಕರ್ತನೊಬ್ಬನನ್ನು ಗೊತ್ತುಮಾಡುತ್ತದೆ. ಇನ್ನು ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಥಾಣೆಯಲ್ಲಿ ಸ್ಥಾಪಿಸಿದ ಮನೋಸ್ವಾಸ್ಥ್ಯ ಸಂಸ್ಥೆಯೂ, ಹದಿಹರೆಯದವರಿಗಾಗಿ ಅವರು ನಡೆಸುತ್ತ ಬಂದಿರುವ ‘ವೇಧ’ ಪರಿಷತ್ತುಗಳೂ ಪ್ರಸಿದ್ಧವಾಗಿವೆ.

ಕನ್ನಡ ಸಂಘಗಳೂ ಶಿಕ್ಷಣದಿಂದ ದೂರ ನಿಂತಿಲ್ಲ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಹಾಗೂ ವಾಣಿಜ್ಯ ಮಹಾವಿದ್ಯಾಲಯಗಳು ಠಾಕುರ್ಲಿಯ ಪರಿಸರದಲ್ಲಿ ಎಲ್ಲ ಭಾಷಿಕರಿಗೂ ಪರಿಚಿತ. ಶಾಲೆಯೊಂದನ್ನು ಕಟ್ಟುವ ಸಾಮರ್ಥ್ಯವುಳ್ಳ ಸಮಾಜಕ್ಕೆ ಸಂಜೆಯ ಕೇಂದ್ರವೊಂದನ್ನು ನಡೆಸುವುದು ಭಾರವಾಗಲಾರದು. ಭಾರವಾಗುವುದು ಹಣವಲ್ಲ, ನಿಯಮಿತತನ.

ಸ್ಥಳ ಮತ್ತು ವೇಳೆ

ಕೇಂದ್ರದ ಸ್ಥಳವನ್ನು ಆರಿಸುವಾಗ ಬಾಡಿಗೆಗಿಂತ ಮೊದಲು ನೋಡಬೇಕಾದುದು ರೈಲು ಹಳಿಯನ್ನು. ಡೊಂಬಿವಲಿ, ಕಲ್ಯಾಣ, ದಿವಾ, ಠಾಕುರ್ಲಿಗಳೆಲ್ಲ ಪೂರ್ವ ಪಶ್ಚಿಮವೆಂದು ಹಳಿಯಿಂದ ಸೀಳಿಹೋದ ಊರುಗಳು. ಪೂರ್ವದ ಮಕ್ಕಳಿಗೆ ಪಶ್ಚಿಮದಲ್ಲಿ ಕೇಂದ್ರವಿದ್ದರೆ ತಡವಾದ ದಿನ ಅವರು ಮೇಲ್ಸೇತುವೆ ಹತ್ತದೆ ಹಳಿ ದಾಟಿಯೇ ದಾಟುತ್ತಾರೆ. ಒಂದು ಬದಿಯ ಮಕ್ಕಳಿಗೆ ಆ ಬದಿಯಲ್ಲೇ ಕೇಂದ್ರವಿರಬೇಕು. ಎರಡೂ ಬದಿಗೆ ಸಾಧ್ಯವಾಗದಿದ್ದರೆ ಒಂದೇ ಬದಿಗೆ ಸಾಕು. ನವಿ ಮುಂಬಯಿಯಲ್ಲಿ ಹಳಿಯ ಬದಲು ಥಾಣೆ–ಬೇಲಾಪುರ ರಸ್ತೆಯ ಲಾರಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಅದಕ್ಕೆ ಒಳಗಿನ ಚಿಲಕ ಮತ್ತು ನೀರು ಇಲ್ಲದ ಸ್ಥಳವನ್ನು ಎಷ್ಟೇ ಅಗ್ಗವಾದರೂ ಹಿಡಿಯಬಾರದು.

ವೇಳೆ ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ ಇದ್ದರೆ ತಾಯಿತಂದೆಯರ ಗಾಡಿಗೆ ಸರಿಹೋಗುತ್ತದೆ. ಮುಗಿದ ಮೇಲೆ ಹುಡುಗಿಯರನ್ನು ಗುಂಪಾಗಿ ಮನೆ ಮುಟ್ಟಿಸಲು ಹಿರಿಯರಿಬ್ಬರು ಇರಬೇಕು. ಮಳೆಗಾಲದಲ್ಲಿ ಲೋಕಲು ನಿಂತ ದಿನಕ್ಕೆಂದು, ಯಾವ ಮಗುವನ್ನು ಯಾರ ಮನೆಯಲ್ಲಿ ಉಳಿಸಿಕೊಳ್ಳಬೇಕೆಂಬ ಪಟ್ಟಿಯನ್ನು ಜೂನ್ ತಿಂಗಳಿಗೆ ಮುನ್ನವೇ ಪಾಲಕರ ಒಪ್ಪಿಗೆಯೊಡನೆ ಬರೆದಿಡುವುದು ಲೇಸು. 26 ಜುಲೈ 2005ರ ರಾತ್ರಿಯನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಮೊದಲು ತಿಂಡಿ, ಆಮೇಲೆ ಪಾಠ

ಬೆಳಿಗ್ಗೆ ಆರಕ್ಕೆ ಚಹಾ ಬಿಸ್ಕತ್ತು ತಿಂದು ಹೊರಟ ಹುಡುಗ ಸಂಜೆ ಐದೂವರೆಗೆ ಕೇಂದ್ರಕ್ಕೆ ಬರುವಾಗ ಅವನ ಮೆದುಳಿಗಿಂತ ಹೊಟ್ಟೆ ಜೋರಾಗಿ ಮಾತಾಡುತ್ತಿರುತ್ತದೆ. 2008ರಿಂದ ಮುಂಬಯಿಯ ರಾತ್ರಿ ಶಾಲೆಗಳಿಗೆ ನೆರವಾಗುತ್ತಿರುವ ‘ಮಾಸೂಮ್’ ಸಂಸ್ಥೆಯು ತನ್ನ ಕಾರ್ಯಕ್ರಮದಲ್ಲಿ ತಿಂಡಿಗೂ ಸ್ಥಾನ ಕೊಟ್ಟಿರುವುದು ಸುಮ್ಮನಲ್ಲ. ತಿಂಡಿಯೆಂದರೆ ವಡಾಪಾವ್ ಅಲ್ಲ. ಬೇಯಿಸಿದ ಕಡಲೆ ಅಥವಾ ಮೊಳಕೆ ಬರಿಸಿದ ಮಟಕಿ, ಶೇಂಗಾ ಬೆಲ್ಲ, ಬಾಳೆಹಣ್ಣು, ವಾರಕ್ಕೆರಡು ದಿನ ಮೊಟ್ಟೆ (ತಿನ್ನುವವರಿಗೆ), ಅವಲಕ್ಕಿಗೆ ಹಿಂಡಿದ ನಿಂಬೆ: ಇಷ್ಟು ಸಾಕು. ನಿಂಬೆಯ ಹುಳಿ ರುಚಿಗಾಗಿ ಮಾತ್ರವಲ್ಲ, ಕಾಳಿನಲ್ಲಿರುವ ಕಬ್ಬಿಣಾಂಶವನ್ನು ಶರೀರ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಊಟದೊಡನೆ ಕುಡಿದ ಚಹಾ ಅದಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ಕೇಂದ್ರದಲ್ಲಿ ತಿಂಡಿಯ ಜೊತೆಗೆ ಚಹಾ ಕೊಡುವ ಪದ್ಧತಿ ಬೇಡ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೂ ಹುಡುಗರಲ್ಲಿ ಶೇಕಡಾ 31 ಮಂದಿಗೂ ರಕ್ತಹೀನತೆಯಿದೆ. ‘ಸೋಮಾರಿ’, ‘ಗಮನವಿಲ್ಲ’, ‘ಬರೀ ನಿದ್ದೆ’ ಎಂದು ಬೈಸಿಕೊಳ್ಳುವ ಮಗುವಿನ ರಕ್ತವನ್ನು ಒಮ್ಮೆ ಪರೀಕ್ಷಿಸಿ ನೋಡಿದ ಮೇಲೆ ಬೈಯುವುದು ನ್ಯಾಯ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಸರಕಾರದಿಂದ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ 60 ಮಿಲಿಗ್ರಾಮ್ ಕಬ್ಬಿಣವೂ ಫೋಲಿಕ್ ಆಮ್ಲವೂ ಇರುತ್ತವೆ. ಬರಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದರೆ ಮಕ್ಕಳು ಮರುವಾರ ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ತಿಂಡಿಯಾದ ಮೇಲೆ ನುಂಗಿಸುವುದೂ, ಮಲ ಕಪ್ಪಾಗುವುದು ಸಹಜವೆಂದು ಮೊದಲೇ ತಿಳಿಸಿರುವುದೂ ಅಗತ್ಯ. ಆದರೆ ಶಾಲೆಯಲ್ಲಿ ಆಗಲೇ ಕೊಡುತ್ತಿದ್ದರೆ ಕೇಂದ್ರದಲ್ಲಿ ಮತ್ತೆ ಕೊಡತಕ್ಕದ್ದಲ್ಲ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ಮಹಾರಾಷ್ಟ್ರದ ಸರಕಾರಿ ಆಸ್ಪತ್ರೆಗಳಲ್ಲಿ ‘ಮೈತ್ರಿ’ ಎಂಬ ಹೆಸರಿನ ಕಿಶೋರ ಚಿಕಿತ್ಸಾಲಯಗಳಿವೆ. ಹತ್ತಿರದ್ದು ಎಲ್ಲಿದೆಯೆಂದು ವಿಚಾರಿಸಿ ಗೋಡೆಯ ಮೇಲೆ ಬರೆದಿಡಬೇಕು.

ಕಣ್ಣಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು ಪಕ್ಕದವನ ಪುಸ್ತಕ ನೋಡಿ ಬರೆಯುವವನು ಕಳ್ಳನಲ್ಲ, ಅವನಿಗೆ ಕನ್ನಡಕ ಬೇಕು.

ನಿದ್ರೆಯ ವಿಷಯ ಹಾಗಲ್ಲ. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಈ ಪ್ರಾಯದಲ್ಲಿ ನಿದ್ರೆ ತರುವ ಮೆಲಟೋನಿನ್ ಎಂಬ ರಸವು ಮಕ್ಕಳಲ್ಲಿದ್ದುದಕ್ಕಿಂತ ತಡವಾಗಿ ಸ್ರವಿಸುವುದರಿಂದ ಹುಡುಗನಿಗೆ ಹತ್ತಕ್ಕೆ ನಿದ್ದೆ ಬಾರದಿರುವುದು ಹಟವಲ್ಲ, ಶರೀರಧರ್ಮ. 2024ರಲ್ಲಿ ಮಹಾರಾಷ್ಟ್ರ ಸರಕಾರವು ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮುನ್ನ ತೆರೆಯಬಾರದೆಂದು ಆದೇಶಿಸಿತು. ನಿದ್ದೆಯ ಕೊರತೆಯಿಂದ ನಿಜವಾಗಿ ಬಳಲುವ ಹದಿಹರೆಯದವರಿಗೆ ಆ ಸೌಲಭ್ಯ ದೊರೆಯಲಿಲ್ಲ. ಏಳು ಗಂಟೆಯ ಶಾಲೆಗಾಗಿ ಆರಕ್ಕೆ ಏಳುವವನು ರಾತ್ರಿ ಹನ್ನೆರಡರವರೆಗೆ ಮೊಬೈಲು ನೋಡಿದರೆ ಉಳಿಯುವುದು ಆರು ಗಂಟೆ. ಕೇಂದ್ರವು ಮನೆಪಾಠವನ್ನು ಎಂಟೂವರೆಯೊಳಗೆ ಮುಗಿಸಿಕೊಟ್ಟರೆ ಮಗುವಿಗೆ ಒಂದು ಗಂಟೆ ನಿದ್ದೆಯನ್ನು ದಾನ ಮಾಡಿದಂತೆ. ‘ಹೆಚ್ಚುವರಿ ಅಭ್ಯಾಸ’ವೆಂದು ಇನ್ನಷ್ಟು ಬರವಣಿಗೆಯನ್ನು ಮನೆಗೆ ಕೊಟ್ಟು ಕಳುಹಿಸುವ ಉತ್ಸಾಹಿ ಶಿಕ್ಷಕರನ್ನು ತಡೆಯಬೇಕಾಗುತ್ತದೆ. ವಾರದಲ್ಲಿ ಎರಡು ಸಂಜೆಯಾದರೂ ಮೊದಲ ಅರ್ಧ ಗಂಟೆ ಕಬಡ್ಡಿಗೋ ಲಗೋರಿಗೋ ಮೀಸಲಾಗಲಿ. ಈ ಪ್ರಾಯದವರಿಗೆ ದಿನಕ್ಕೆ ಸರಾಸರಿ ಅರುವತ್ತು ನಿಮಿಷಗಳ ಶರೀರಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಯಾವ ತರಗತಿ, ಯಾವ ಭಾಷೆ

ಹತ್ತನೆಯವನಿಗೆ ಹತ್ತನೆಯ ಪಾಠವನ್ನೇ ಹೇಳಬೇಕೆಂಬ ಭ್ರಮೆಯಿಂದ ಅನೇಕ ಕೇಂದ್ರಗಳು ಮೊದಲ ವರ್ಷವೇ ಸೋಲುತ್ತವೆ. ‘ಅಸರ್’ ಸಮೀಕ್ಷೆಯು 2023ರಲ್ಲಿ ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಅರ್ಧಕ್ಕಿಂತ ಕಡಮೆ ಕಂಡುಬಂದರು. ನಾಲ್ವರಲ್ಲೊಬ್ಬನಿಗೆ ತನ್ನ ಭಾಷೆಯ ಎರಡನೆಯ ತರಗತಿಯ ಪಾಠವನ್ನು ನಿರರ್ಗಳವಾಗಿ ಓದಲಾಗಲಿಲ್ಲ. 1995ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿದ ‘ಪ್ರಥಮ್’ ಸಂಸ್ಥೆಯು ಬಳಕೆಗೆ ತಂದ ಕ್ರಮವೇ ಇಲ್ಲಿಯೂ ಅನುಸರಣೀಯ: ವಯಸ್ಸಿನಿಂದಲ್ಲ, ತಿಳಿದಿರುವ ಮಟ್ಟದಿಂದ ಗುಂಪು ಮಾಡುವುದು. ಆದರೆ ಹದಿನೈದರ ಹುಡುಗನನ್ನು ಹನ್ನೊಂದರವನ ಪಕ್ಕದಲ್ಲಿ ಕುಳ್ಳಿರಿಸಿ ಭಾಗಾಕಾರ ಕಲಿಸಿದರೆ ಅವನು ನಾಳೆ ಬರುವುದಿಲ್ಲ. ಅವನಿಗೆ ಕಿರಾಣಿ ಅಂಗಡಿಯ ಬಿಲ್ಲು, ರೈಲಿನ ಪಾಸಿನ ದರ, ಬ್ಯಾಂಕಿನ ಬಡ್ಡಿ ಇವುಗಳ ಮೂಲಕ ಅದೇ ಭಾಗಾಕಾರವನ್ನು ಕಲಿಸಬಹುದು. ಹತ್ತು ವರ್ಷ ತುಂಬಿದ ಮಕ್ಕಳು ಸ್ವತಃ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕು ಅನುಮತಿಸಿದೆ. ಮಿತಿಯನ್ನು ಆಯಾ ಬ್ಯಾಂಕು ಗೊತ್ತುಪಡಿಸುತ್ತದೆ. ಸ್ವಂತ ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಮೆಯಾದುದನ್ನು ಕಂಡವನಿಗೆ ಶೇಕಡಾವಾರಿ ಲೆಕ್ಕ ಬೇಗ ಹತ್ತುತ್ತದೆ.

ಭಾಷೆಯ ಪ್ರಶ್ನೆ ಸೂಕ್ಷ್ಮವಾದುದು. ಮನೆಯಲ್ಲಿ ತುಳು ಅಥವಾ ಕಲಬುರಗಿಯ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು. ಕನ್ನಡ ಸಂಘದ ಕೇಂದ್ರವೆಂದ ಮಾತ್ರಕ್ಕೆ ಪಾಠವೆಲ್ಲ ಕನ್ನಡದಲ್ಲಿ ಆಗಬೇಕೆಂಬ ಹಟ ಮಗುವಿಗೆ ಅನ್ಯಾಯ; ಪರೀಕ್ಷೆಯನ್ನು ಅವನು ಬರೆಯುವುದು ಬೇರೆ ಭಾಷೆಯಲ್ಲಿ. 2020ರ ಕಾಯಿದೆಯಂತೆ ಮರಾಠಿ ಕಲಿಕೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾಗಿದೆ, ಅದರಲ್ಲಿ ಹಿಂದೆ ಬೀಳಗೊಡಬಾರದು. ಅರ್ಥವಾಗದ ಪ್ರಮೇಯವನ್ನು ತಾಯ್ನುಡಿಯಲ್ಲಿ ವಿವರಿಸಿ, ಉತ್ತರವನ್ನು ಪರೀಕ್ಷೆಯ ಭಾಷೆಯಲ್ಲಿ ಬರೆಯಿಸುವುದು ಸರಿಯಾದ ಮಾರ್ಗ. ಶನಿವಾರಕ್ಕೊಂದು ಗಂಟೆ ಕನ್ನಡ ಅಕ್ಷರಕ್ಕೆ ಮೀಸಲಿಟ್ಟರೆ, ಊರಿನ ಅಜ್ಜಿಗೆ ನಾಲ್ಕು ಸಾಲು ಬರೆಯುವಷ್ಟಾದರೂ ಬರುತ್ತದೆ. ಪಕ್ಕದ ಮನೆಯ ಮರಾಠಿ ಮಗು ಬಾಗಿಲಲ್ಲಿ ನಿಂತರೆ ಒಳಗೆ ಕರೆಯಲೇಬೇಕು. ಅದಕ್ಕೆ ಕಾರ್ಯಕಾರಿ ಸಮಿತಿಯ ಠರಾವು ಬೇಡ.

ಅಣ್ಣ ಮತ್ತು ಅಕ್ಕ

ಕೇಂದ್ರದ ಪ್ರಾಣವಿರುವುದು ಮಾರ್ಗದರ್ಶಕರಲ್ಲಿ. ಮಕ್ಕಳು ಅವರನ್ನು ಸರ್ ಎನ್ನುವುದಕ್ಕಿಂತ ಅಣ್ಣ, ಅಕ್ಕ ಎಂದೋ, ದಾದಾ, ತಾಈ ಎಂದೋ ಕರೆಯುವುದು ಮೇಲು. ನಿವೃತ್ತ ಬ್ಯಾಂಕು ನೌಕರರು, ಗಣಿತದಲ್ಲಿ ಪದವಿ ಪಡೆದು ಮನೆಯಲ್ಲಿರುವ ಗೃಹಿಣಿಯರು, ಇತ್ತೀಚೆಗಷ್ಟೇ ಹತ್ತನೆಯದನ್ನು ದಾಟಿದ ಕಾಲೇಜು ವಿದ್ಯಾರ್ಥಿಗಳು ಇವರೆಲ್ಲ ಹುಡುಕಿದರೆ ಪ್ರತಿ ವಸಾಹತಿನಲ್ಲೂ ಸಿಗುತ್ತಾರೆ. ಪ್ರಶ್ನೆಯಿರುವುದು ಅವರು ಎಷ್ಟು ದಿನ ಉಳಿಯುತ್ತಾರೆ ಎಂಬುದರಲ್ಲಿ.

ಅಮೆರಿಕದಲ್ಲಿ 1904ರಿಂದ ‘ಹಿರಿಯಣ್ಣ’ರ ಸಂಸ್ಥೆಯೊಂದು ನಡೆದುಬಂದಿದೆ. ಒಬ್ಬ ವಯಸ್ಕ, ಒಂದು ಮಗು. ತಿಂಗಳಿಗೆ ಕೆಲವು ಸಲ ಭೇಟಿ. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10ರಿಂದ 16 ವರ್ಷದ ಸಾವಿರದಷ್ಟು ಮಕ್ಕಳನ್ನು ಒಂದೂವರೆ ವರ್ಷ ಗಮನಿಸಿದಾಗ, ಹಿರಿಯಣ್ಣ ದೊರೆತವರು ಮಾದಕ ವಸ್ತುವನ್ನು ಹೊಸದಾಗಿ ಹಿಡಿಯುವ ಸಂಭವ ಶೇಕಡಾ 46ರಷ್ಟು ಕಡಮೆಯೆಂದೂ, ಅವರು ಶಾಲೆ ತಪ್ಪಿಸಿದ ದಿನಗಳು ಅರ್ಧಕ್ಕಿಳಿದವೆಂದೂ ಕಂಡುಬಂತು. ಸಂಘಗಳ ವೇದಿಕೆಗಳಲ್ಲಿ ಇಂಥ ಅಂಕಿಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಚ್ಚು ಮುಖ್ಯವಾದುದು. ಸಂಬಂಧ ಒಂದು ವರ್ಷವಾದರೂ ಉಳಿದಲ್ಲಿ ಲಾಭ ಹೆಚ್ಚು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಗುವಿನ ಆತ್ಮಗೌರವ ಮೊದಲಿಗಿಂತ ಕೆಳಗಿಳಿದಿತ್ತು. ಅಂದರೆ ಉತ್ಸಾಹದಿಂದ ಬಂದು ಗಣಪತಿ ಹಬ್ಬದ ಹೊತ್ತಿಗೆ ಮಾಯವಾಗುವ ಮಾರ್ಗದರ್ಶಕನಿಗಿಂತ ಮಾರ್ಗದರ್ಶಕನೇ ಇಲ್ಲದಿರುವುದು ವಾಸಿ. ತಂದೆ ವಾರಗಟ್ಟಲೆ ಕೆಲಸದ ಜಾಗದಲ್ಲೇ ಉಳಿಯುವ ಮನೆಯ ಹುಡುಗನಿಗೆ, ‘ಬರುತ್ತೇನೆ’ ಎಂದು ಹೇಳಿ ಬಾರದ ಮತ್ತೊಬ್ಬ ಗಂಡಸು ಬೇಕಾಗಿಲ್ಲ.

ಆದಕಾರಣ ಮಾರ್ಗದರ್ಶಕರನ್ನು ಸೇರಿಸಿಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ವಿದ್ಯಾರ್ಹತೆಯದಲ್ಲ, ‘ವಾರಕ್ಕೆ ಒಂದೇ ಸಂಜೆಯಾದರೂ ಸರಿ, ಮಾರ್ಚಿಯವರೆಗೆ ತಪ್ಪದೆ ಬರುವಿರಾ?’ ಎಂಬುದು. ವರ್ಗಾವಣೆಯ ಸಂಭವವಿರುವವರಿಗೆ ಗುಂಪಿನ ಪಾಠ ಕೊಡಬಹುದು, ಮಗುವೊಂದರ ಹೊಣೆ ಕೊಡಬಾರದು. ಹೋಗಲೇಬೇಕಾಗಿ ಬಂದವರು ಮಗುವಿಗೆ ಎದುರೆದುರು ತಿಳಿಸಿ, ಮುಂದಿನವರನ್ನು ಪರಿಚಯಿಸಿ ಹೋಗಬೇಕು. ಬ್ಯಾಂಕಿನಲ್ಲಿ ತಿಜೋರಿಯ ಕೀಲಿಕೈಯನ್ನು ಮೇಜಿನ ಮೇಲೆ ಬಿಟ್ಟು ಯಾರೂ ಹೊರಡುವುದಿಲ್ಲ.

ರಕ್ಷಣೆಯ ವಿಷಯದಲ್ಲಿ ಸಂಕೋಚ ಸಲ್ಲದು. ಮುಚ್ಚಿದ ಕೋಣೆಯಲ್ಲಿ ಒಬ್ಬ ವಯಸ್ಕ ಒಂದು ಮಗುವಿನೊಡನೆ ಇರತಕ್ಕದ್ದಲ್ಲ, ಎಷ್ಟೇ ಗಣ್ಯರಾದರೂ. ಸ್ವಯಂಸೇವಕರೆಲ್ಲರ ಪೊಲೀಸು ಪರಿಶೀಲನೆಯಾಗಬೇಕು. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದಾಗ ಪೊಲೀಸರಿಗೆ ವರದಿ ಮಾಡದಿರುವುದೂ ಅಪರಾಧ. ‘ಸಂಘದ ಮರ್ಯಾದೆ’ಯ ಹೆಸರಿನಲ್ಲಿ ಒಳಗೊಳಗೆ ಮುಗಿಸುವುದಕ್ಕೆ ಅಲ್ಲಿ ಎಡೆಯಿಲ್ಲ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಮಕ್ಕಳಿಗೆ ಕಾಣುವಂತಿರಲಿ. ಮನಸ್ಸು ಕುಗ್ಗಿದವರಿಗಾಗಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಯೂ ಅದರ ಪಕ್ಕದಲ್ಲಿರಲಿ. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಹಾಜರಿ ಪುಸ್ತಕ ಮತ್ತು ಜಮಾಖರ್ಚು

ಹಾಜರಿ ಪುಸ್ತಕವನ್ನು ಬರಿಯ ಹಾಜರಿಗಾಗಿ ಇಡುವುದಲ್ಲ, ಅದನ್ನು ಓದಬೇಕು. ಒಬ್ಬ ಹುಡುಗಿ ಪ್ರತಿ ತಿಂಗಳೂ ಮೂರು ನಾಲ್ಕು ದಿನ ಒಂದೇ ಸಮಯಕ್ಕೆ ಬಾರದಿದ್ದರೆ ಕೇಂದ್ರದ ಶೌಚಾಲಯವನ್ನು ಹೋಗಿ ನೋಡಬೇಕು, ಅವಳನ್ನು ವಿಚಾರಿಸುವ ಕೆಲಸ ಅಕ್ಕನದು. ಇಬ್ಬರು ಹುಡುಗರು ಸದಾ ಒಟ್ಟಿಗೇ ಗೈರುಹಾಜರಾದರೆ ಅವರು ಎಲ್ಲೋ ಒಟ್ಟಿಗೇ ಇದ್ದಾರೆ. ಗುಟಖಾ 2012ರಿಂದಲೂ ಮಹಾರಾಷ್ಟ್ರದಲ್ಲಿ ನಿಷಿದ್ಧವೆನಿಸಿದೆ, ಆದರೆ ಪಾನಿನ ಅಂಗಡಿಯಲ್ಲಿ ಮಾವಾದ ಪುಡಿಕೆ ಕೇಳಿದವನಿಗೆ ಸಿಗುತ್ತದೆ. 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇಕಡಾ 8.5 ಮಂದಿ ತಂಬಾಕನ್ನು ಯಾವುದಾದರೊಂದು ರೂಪದಲ್ಲಿ ಬಳಸುತ್ತಾರೆಂದು 2019ರ ರಾಷ್ಟ್ರೀಯ ಸಮೀಕ್ಷೆ ತೋರಿಸಿತು. ದೀಪಾವಳಿಗೆ ಊರಿಗೆ ಹೋದ ಉತ್ತರ ಕರ್ನಾಟಕದ ಕುಟುಂಬ ಸುಗ್ಗಿ ಮುಗಿಸಿ ಬರುವಾಗ ಡಿಸೆಂಬರವಾಗಿರುತ್ತದೆ, ಶಾಲೆ ಅಷ್ಟರಲ್ಲಿ ಹೆಸರು ತೆಗೆಯುವ ಮಾತಾಡುತ್ತಿರುತ್ತದೆ. ಹೊರಡುವ ಮುನ್ನವೇ ಪಾಲಕರನ್ನು ಕರೆದು ಮಾತಾಡಿದರೆ ಹತ್ತನೆಯ ತರಗತಿಯ ಮಗುವನ್ನಾದರೂ ನೆಂಟರ ಮನೆಯಲ್ಲಿ ಉಳಿಸಿ ಹೋಗುತ್ತಾರೆ. ಶಾಲೆ ಬಿಟ್ಟೇಹೋದವರಿಗೆ 17ನೆಯ ನಮೂನೆ ತುಂಬಿ ಖಾಸಗಿಯಾಗಿ ಪರೀಕ್ಷೆಗೆ ಕೂರುವ ಮಾರ್ಗವಿದೆ. ಅದನ್ನು ಪರೀಕ್ಷೆಗೆ ಹಲವು ತಿಂಗಳು ಮೊದಲೇ ತುಂಬಬೇಕೆಂಬುದನ್ನು ಮರೆತು ಜನವರಿಯಲ್ಲಿ ಓಡಾಡುವವರೇ ಹೆಚ್ಚು.

ಇನ್ನು ಹಣ. ಮೂವತ್ತು ಮಕ್ಕಳಿಗೆ ದಿನಕ್ಕೆ ತಲಾ 15 ರೂಪಾಯಿಯ ತಿಂಡಿಯೆಂದರೆ 450 ರೂಪಾಯಿ. ತಿಂಗಳಿಗೆ 22 ದಿನದಂತೆ 9,900, ಹತ್ತು ತಿಂಗಳಿಗೆ 99,000. ಅರೆಕಾಲಿಕ ಶಿಕ್ಷಕರಿಬ್ಬರಿಗೆ ತಿಂಗಳಿಗೆ ತಲಾ 6,000 ಗೌರವಧನವಿತ್ತರೆ 1,20,000. ಪುಸ್ತಕ, ದೀಪ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕನ್ನಡಕ ಇತ್ಯಾದಿಗೆ 30,000. ಒಟ್ಟು 2,49,000, ಮಗುವೊಂದಕ್ಕೆ ವರ್ಷಕ್ಕೆ 8,300. ಸ್ಥಳ ಧರ್ಮಾರ್ಥ ದೊರೆತರೆ ಇಷ್ಟರಲ್ಲಿ ನಡೆಯುತ್ತದೆ. ವಾರ್ಷಿಕೋತ್ಸವದ ಒಂದು ಸಂಜೆಯ ಸಭಾಗೃಹ, ಧ್ವನಿವರ್ಧಕ, ಹಾರ ತುರಾಯಿ, ಭೋಜನಗಳ ಬಿಲ್ಲನ್ನು ಇದರ ಪಕ್ಕದಲ್ಲಿಟ್ಟು ನೋಡುವ ಧೈರ್ಯ ಖಜಾಂಚಿಗಳಿಗೆ ಬಿಟ್ಟದ್ದು. ಸ್ಮರಣ ಸಂಚಿಕೆಯ ಜಾಹೀರಾತಿನ ಒಂದು ಭಾಗವನ್ನು ಇದಕ್ಕೆಂದೇ ತೆಗೆದಿರಿಸುವುದೂ ಅಸಾಧ್ಯವೇನಲ್ಲ.

ಕೇಂದ್ರದ ಹಣಕ್ಕೆ ಪ್ರತ್ಯೇಕ ಖಾತೆಯೂ ಇಬ್ಬರ ಜಂಟಿ ಸಹಿಯೂ ಇರಬೇಕು. ಹತ್ತು ರೂಪಾಯಿಗೂ ರಸೀದಿ ಹರಿಯಬೇಕು. ಒಂದು ವರ್ಷದ ಪೂರ್ತಿ ಖರ್ಚು ಕೈಯಲ್ಲಿಲ್ಲದೆ ಬಾಗಿಲು ತೆರೆಯಬಾರದು, ಏಕೆಂದರೆ ನವೆಂಬರಿನಲ್ಲಿ ಹಣ ಮುಗಿದು ಬೀಗ ಬಿದ್ದರೆ ಮಾರ್ಚಿಯ ಪರೀಕ್ಷೆಗೆ ಕೂರುವವರು ಸಮಿತಿಯ ಸದಸ್ಯರಲ್ಲ. ನೋಂದಾಯಿತ ಸಂಸ್ಥೆಗೆ ಆದಾಯ ತೆರಿಗೆಯ 80-ಜಿ ಮಾನ್ಯತೆಯಿದ್ದರೆ ದಾನಿಗಳು ಸುಲಭವಾಗಿ ಒದಗುತ್ತಾರೆ. 2013ರ ಕಂಪನಿ ಕಾಯಿದೆಯನುಸಾರ ದೊಡ್ಡ ಕಂಪನಿಗಳು ಸಾಮಾಜಿಕ ಕಾರ್ಯಕ್ಕೆ ಮೀಸಲಿಡುವ ಲಾಭದ ಶೇಕಡಾ 2ರಲ್ಲಿಯೂ ಪಾಲು ಕೇಳಬಹುದು. ಥಾಣೆ–ಬೇಲಾಪುರದ ಉದ್ಯಮಗಳು ದೂರದಲ್ಲಿಲ್ಲ. ಆದರೆ ಅಂಥ ಹಣ ಒಂದು ವರ್ಷ ಬಂದು ಮರುವರ್ಷ ನಿಲ್ಲುವುದುಂಟು. ತಿಂಡಿಯ ಖರ್ಚನ್ನು ಸದಸ್ಯರ ಮಾಸಿಕ ವಂತಿಗೆಯಿಂದಲೇ ಭರಿಸುವುದು ಕ್ಷೇಮ.

ಫಲಿತಾಂಶದ ಸಂಜೆ

ಕೇಂದ್ರಗಳು ಸಾಮಾನ್ಯವಾಗಿ ಮಾರ್ಚಿಯಲ್ಲಿ ಪರೀಕ್ಷೆ ಮುಗಿದೊಡನೆ ಮುಚ್ಚಿ ಜೂನಿನಲ್ಲಿ ತೆರೆಯುತ್ತವೆ. ಇದು ದೊಡ್ಡ ತಪ್ಪು. ಫಲಿತಾಂಶ ಪ್ರಕಟವಾಗುವ ದಿನ ಮಧ್ಯಾಹ್ನ ಒಂದಕ್ಕೆ ಮೊಬೈಲಿನಲ್ಲಿ ಅಂಕಗಳು ಕಾಣಿಸಿಕೊಳ್ಳುವಾಗ ತಾಯಿತಂದೆಯರು ಕಚೇರಿಯಲ್ಲಿರುತ್ತಾರೆ, ಹುಡುಗ ಒಬ್ಬನೇ ಮನೆಯಲ್ಲಿರುತ್ತಾನೆ. ಆ ದಿನ ಕೇಂದ್ರ ಬೆಳಿಗ್ಗೆಯಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕು, ಪ್ರತಿ ಮಗುವಿನ ಅಣ್ಣ ಅಥವಾ ಅಕ್ಕ ತಾನಾಗಿಯೇ ದೂರವಾಣಿ ಮಾಡಬೇಕು. ಎತ್ತದಿದ್ದವರ ಮನೆಗೆ ಯಾರಾದರೂ ಕೂಡಲೇ ಹೋಗಬೇಕು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಹುಡುಗನ ಬಾಯಲ್ಲಿ ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕದೆ, ನೇರವಾಗಿ ವಿಚಾರಿಸಿ, ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ನಿರಾಧಾರವೆಂದು ಮನೋವೈದ್ಯರು ಹೇಳುತ್ತಾರೆ.

ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣನಾದವನು ಎ.ಟಿ.ಕೆ.ಟಿ. ಸೌಲಭ್ಯದಿಂದ ಹನ್ನೊಂದನೆಯದಕ್ಕೆ ಸೇರಬಹುದು. ಅಲ್ಲದೆ 2015ರಿಂದ ಮಹಾರಾಷ್ಟ್ರ ಮಂಡಳಿಯು ಅದೇ ವರ್ಷ ಪೂರಕ ಪರೀಕ್ಷೆಯನ್ನು ನಡೆಸುತ್ತ ಬಂದಿದೆ, ಅದರಲ್ಲಿ ತೇರ್ಗಡೆಯಾದವನ ವರ್ಷ ವ್ಯರ್ಥವಾಗುವುದಿಲ್ಲ. ಅರ್ಜಿ ಸಲ್ಲಿಸಲು ಸಿಗುವ ದಿನಗಳು ಕೆಲವೇ. ಹುಡುಗ ಅಳುತ್ತಿರುವ ವಾರವೇ ಅದು. ಆದ್ದರಿಂದ ಪ್ರತಿ ವಿದ್ಯಾರ್ಥಿಯ ಪರೀಕ್ಷಾ ಕ್ರಮಾಂಕ, ಎರಡು ಭಾವಚಿತ್ರ, ಅಂಕಪಟ್ಟಿಯ ಪ್ರತಿ ಮತ್ತು ಪರೀಕ್ಷಾ ಶುಲ್ಕದ ಹಣ ಇವು ಮೇ ತಿಂಗಳಿನಲ್ಲಿಯೇ ಒಂದೊಂದು ಲಕೋಟೆಯಲ್ಲಿ ಕೇಂದ್ರದ ಕಪಾಟಿನಲ್ಲಿ ಸಿದ್ಧವಿರಲಿ. ತೇರ್ಗಡೆಯಾದವರ ಲಕೋಟೆಯ ಹಣವನ್ನು ಮರುದಿನ ಖಾತೆಗೆ ಹಿಂದಿರುಗಿಸಿದರಾಯಿತು.